ಗಿಟಾರಿನಲ್ಲಿ ಮೊದಲ ಹಾಡು: ಮೂರನೇ ತಂತಿ ಸರಿಹೋದರೆ ಅರ್ಧ ಕೆಲಸ ಮುಗಿದಂತೆ

ಹೊಸದಾಗಿ ಗಿಟಾರ್ ಹಿಡಿದವರು ಎಲ್ಲಿ ಸೋತು ಕೈಬಿಡುತ್ತಾರೆ ಎಂದು ನೋಡಿದರೆ ಬಹಳ ಸಲ ಅದು ಮೂರನೇ ತಂತಿಯ ಮೊದಲ ಫ್ರೆಟ್ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ; ತಂತಿಗಳನ್ನು ಅತಿ ತೆಳುವಾದದ್ದರಿಂದ ಎಣಿಸುತ್ತಾರೆ). ಇ ಮೇಜರ್ ಕಾರ್ಡ್‌ಗೆ (ಹಲವು ಸ್ವರ ಒಟ್ಟಿಗೆ ಮೊಳಗುವ ಜೋಡಣೆ) ತೋರುಬೆರಳು ಕೂರಬೇಕಾದ ಜಾಗ ಅದು. ಅಲ್ಲಿ ಒತ್ತಿದರೆ ಬೆರಳ ತುದಿ ಉರಿಯುತ್ತದೆ, ಎಷ್ಟು ಒತ್ತಿದರೂ ಕಾರ್ಡ್ ಅಪಸ್ವರ ಕೊಡುತ್ತದೆ. ಕಲಿಯುವವರು ತಮ್ಮ ಬೆರಳನ್ನೇ ದೂರುತ್ತಾರೆ. ನಿಜವಾದ ಕಾರಣ ಹೆಚ್ಚಾಗಿ ವಾದ್ಯದಲ್ಲಿರುತ್ತದೆ: ಕಡಿಮೆ ಬೆಲೆಯ ಗಿಟಾರ್‌ಗಳಲ್ಲಿ ನಟ್‌ನ (ಕುತ್ತಿಗೆಯ ಮೇಲ್ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಕಚ್ಚುಗಳನ್ನು ಸಾಕಷ್ಟು ಆಳ ಮಾಡದೆ ಬಿಟ್ಟಿರುತ್ತಾರೆ. ಹಾಗಾಗಿ ಇಲ್ಲಿ ಮೊದಲು ವಾದ್ಯದ ರಿಪೇರಿ, ಆಮೇಲೆ ಹಾಡು. ವಾದ್ಯದ ಕೆಲಸಕ್ಕೆ ಒಂದು ಮಧ್ಯಾಹ್ನ ಸಾಕು. ಅದನ್ನು ಬಿಟ್ಟು ನೇರ ಹಾಡಿಗೆ ಹೋದರೆ ವಾರಗಟ್ಟಲೆ ದಂಡ.

ಹಾಡು ಯಾವುದು? ‘ಹ್ಯಾಪಿ ಬರ್ತ್‌ಡೇ ಟು ಯೂ’. 1893ರಲ್ಲಿ ಅಮೆರಿಕದ ಕೆಂಟಕಿಯ ಹಿಲ್ ಸಹೋದರಿಯರು ಶಿಶುವಿಹಾರದ ಮಕ್ಕಳಿಗೆಂದು ಪ್ರಕಟಿಸಿದ ಧಾಟಿ ಇದು, ಈಗ ನಮ್ಮ ಮನೆಮನೆಯಲ್ಲೂ ಇದೆ. ಆರಿಸಲು ಕಾರಣ ಬೇರೆ. ಇಡೀ ಹಾಡು ಮೂರು ಎಣಿಕೆಯ ಎಂಟು ಆವರ್ತ, ಕಾರ್ಡ್ ಮೂರೇ. ಕೇಳುವವರಿಗೆಲ್ಲ ಧಾಟಿ ಗೊತ್ತಿರುವುದರಿಂದ ಎಲ್ಲಿ ತಪ್ಪಿತು ಎಂಬುದು ನುಡಿಸುವವರಿಗೇ ತಕ್ಷಣ ಕೇಳುತ್ತದೆ. ಸಿನಿಮಾ ಹಾಡಿನಿಂದ ಶುರು ಮಾಡುವ ಆಸೆ ಸಹಜವೇ, ಆದರೆ ಅವುಗಳಲ್ಲಿ ಬಹುಪಾಲು ಬಾರ್ ಕಾರ್ಡ್ (ಒಂದೇ ಬೆರಳಿನಿಂದ ಹಲವು ತಂತಿಗಳನ್ನು ಅಡ್ಡಲಾಗಿ ಒತ್ತುವುದು) ಕೇಳುತ್ತವೆ. ಅದು ಮೊದಲ ತಿಂಗಳ ಬೆರಳಿನ ಕೆಲಸವಲ್ಲ.

ಬೇಕಾದ ಸಾಮಾನು

10–47 ಗೇಜ್‌ನ ಸ್ಟೀಲ್ ತಂತಿ ಒಂದು ಸೆಟ್ (ಅತಿ ತೆಳು ಮತ್ತು ಅತಿ ದಪ್ಪ ತಂತಿಯ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ). ಅರ್ಧ ಮಿ.ಮೀ. ಗೆರೆ ಇರುವ ಸ್ಟೀಲ್ ಸ್ಕೇಲ್. 120, 240, 400 ನಂಬರಿನ ಸ್ಯಾಂಡ್ ಪೇಪರ್ ಒಂದೊಂದು ಹಾಳೆ, ಅದನ್ನು ಹಾಸಿಡಲು ಒಂದು ಗಾಜಿನ ತುಂಡು. ಚೂಪಾದ ಪೆನ್ಸಿಲ್. ಗ್ಯಾಸ್ ವೆಲ್ಡಿಂಗ್ ನಾಝಲ್ ಶುಚಿ ಮಾಡುವ ತಂತಿಗಳ ಸೆಟ್: ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ದುಬಾರಿ ನಟ್ ಫೈಲ್‌ಗೆ ಬದಲಾಗಿ ಚೆನ್ನಾಗಿ ಒದಗುತ್ತದೆ. ಕ್ಲಿಪ್ ಟ್ಯೂನರ್ ಅಥವಾ ಫೋನಿನ ಟ್ಯೂನರ್ ಆ್ಯಪ್. 0.60 ಮಿ.ಮೀ. ಪಿಕ್ (ತಂತಿ ಮೀಟುವ ತೆಳು ಬಿಲ್ಲೆ). ಒಂದು ಕೇಪೋ (ಎಲ್ಲ ತಂತಿಗಳನ್ನೂ ಒಂದು ಫ್ರೆಟ್‌ನಲ್ಲಿ ಒತ್ತಿ ಹಿಡಿಯುವ ಕ್ಲಿಪ್). ಫ್ರೆಟ್ ಮತ್ತು ತಂತಿಯ ನಡುವಿನ ಸಂದು ಅಳೆಯಲು ಮಾಮೂಲಿ 80 ಜಿಎಸ್‌ಎಂ ಜೆರಾಕ್ಸ್ ಹಾಳೆ ಸಾಕು. ಅದರ ದಪ್ಪ ಸುಮಾರು 0.1 ಮಿ.ಮೀ.

ಒಂದು ಎಚ್ಚರಿಕೆ. ನಿಮ್ಮದು ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ ಆಗಿದ್ದರೆ ಅದಕ್ಕೆ ಸ್ಟೀಲ್ ತಂತಿ ಹಾಕಲೇಬಾರದು. ನೈಲಾನ್ ಸೆಟ್ಟಿನ ಒಟ್ಟು ಎಳೆತ ಸುಮಾರು 40 ಕೆ.ಜಿ. 12–53 ಗೇಜಿನ ಸ್ಟೀಲ್ ಸೆಟ್ 70 ಕೆ.ಜಿ.ಗೂ ಮೇಲೆ ಎಳೆಯುತ್ತದೆ. ಬ್ರಿಡ್ಜ್ (ತಂತಿಗಳ ಕೆಳತುದಿ ಸಿಕ್ಕಿಸುವ ಮರದ ತುಂಡು) ಕಿತ್ತು ಬರುತ್ತದೆ, ಇಲ್ಲವೇ ಮೇಲಿನ ಹಲಗೆ ಉಬ್ಬುತ್ತದೆ.

ತಂತಿ ಬದಲಾವಣೆ

ಅಳತೆಗೆ ಮೊದಲೇ ತಂತಿ ಬದಲಿಸಬೇಕು. 12ರ ಸೆಟ್ ತೆಗೆದು 10ರದ್ದು ಹಾಕಿದರೆ ಎಳೆತ ತಗ್ಗಿ ಕುತ್ತಿಗೆ ಸ್ವಲ್ಪ ನೆಟ್ಟಗಾಗುತ್ತದೆ. ಮೊದಲು ಅಳೆದು ಆಮೇಲೆ ತಂತಿ ಬದಲಿಸಿದರೆ ಆ ಅಳತೆ ನಿರುಪಯೋಗಿ.

ಬ್ರಿಡ್ಜ್ ಪಿನ್ ಇರುವ ಗಿಟಾರಿನಲ್ಲಿ ತಂತಿಯ ತುದಿಯ ಗುಂಡನ್ನು ರಂಧ್ರಕ್ಕೆ ಇಳಿಸಿ, ಪಿನ್ನನ್ನು ಸಡಿಲವಾಗಿ ಕೂರಿಸಿ, ತಂತಿಯನ್ನು ಮೇಲಕ್ಕೆ ಎಳೆದು ಗುಂಡು ಒಳಗಿನ ಹಲಗೆಗೆ ತಗುಲುವಂತೆ ಮಾಡಿ. ಆಮೇಲೆ ಪಿನ್ ಒತ್ತಿ. ಗುಂಡು ಪಿನ್ನಿನ ತುದಿಗೆ ಸಿಕ್ಕಿಕೊಂಡಿದ್ದರೆ ಬಿಗಿ ಮಾಡುವಾಗ ಪಿನ್ ಚಿಮ್ಮುತ್ತದೆ. ಮೇಲುಗಡೆ ಕೀಲಿಯ ಕಂಬದಾಚೆಗೆ ಐದಾರು ಸೆಂ.ಮೀ. ಸಡಿಲ ಬಿಟ್ಟು ಸುತ್ತಿ. ದಪ್ಪ ತಂತಿಗೆ ಎರಡು ಸುತ್ತು, ಸಣ್ಣದಕ್ಕೆ ಮೂರ್ನಾಲ್ಕು, ಮೇಲಿನಿಂದ ಕೆಳಕ್ಕೆ.

ಶ್ರುತಿ ಆರನೇ ತಂತಿಯಿಂದ ಒಂದನೆಯವರೆಗೆ: ಇ 82.4 ಹರ್ಟ್ಜ್, ಎ 110, ಡಿ 146.8, ಜಿ 196, ಬಿ 246.9, ಇ 329.6. ಹಲವು ಟ್ಯೂನರ್‌ಗಳು ಅಕ್ಷರ ಮಾತ್ರ ತೋರಿಸುತ್ತವೆ, ಸ್ಥಾಯಿ ಹೇಳುವುದಿಲ್ಲ. ಅದನ್ನೇ ನಂಬಿ ಒಂದನೇ ತಂತಿಯನ್ನು ಮುಂದಿನ ಇ ಕಡೆಗೆ ತಿರುಗಿಸುತ್ತಾ ಹೋದರೆ ತಂತಿ ಕಡಿಯುವುದು ಖಂಡಿತ. ಹರ್ಟ್ಜ್ ತೋರಿಸುವ ಆ್ಯಪ್ ಇಟ್ಟುಕೊಳ್ಳಿ. ಶ್ರುತಿಗೆ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಬನ್ನಿ. ಮೇಲೆ ಹೋಗಿದ್ದರೆ ಪೂರ್ತಿ ಇಳಿಸಿ ಮತ್ತೆ ಏರಿಸಿ. ಹೊಸ ತಂತಿಯನ್ನು 12ನೇ ಫ್ರೆಟ್ ಹತ್ತಿರ ಮೆಲ್ಲಗೆ ಎತ್ತಿ ಎಳೆದು, ಮತ್ತೆ ಶ್ರುತಿ ಮಾಡಿ. ಎಳೆದರೂ ಇಳಿಯದಷ್ಟು ಆಗುವವರೆಗೆ ಇದನ್ನೇ ಮಾಡಬೇಕು.

ಕುತ್ತಿಗೆ, ನಟ್, ಸ್ಯಾಡಲ್: ಈ ಕ್ರಮದಲ್ಲೇ

ಮೂರನೆಯದರ, ಅಂದರೆ ಬ್ರಿಡ್ಜ್ ಮೇಲೆ ತಂತಿ ಕೂರುವ ಸ್ಯಾಡಲ್ ಪಟ್ಟಿಯ, ಅಳತೆ ಮೊದಲ ಎರಡನ್ನು ಅವಲಂಬಿಸಿರುವುದರಿಂದ ಕ್ರಮ ತಪ್ಪಿಸಬಾರದು.

ಕುತ್ತಿಗೆ: ಆರನೇ ತಂತಿಯನ್ನು 1ನೇ ಮತ್ತು 14ನೇ ಫ್ರೆಟ್‌ನಲ್ಲಿ ಒಟ್ಟಿಗೆ ಒತ್ತಿ ಹಿಡಿದು 7ನೇ ಫ್ರೆಟ್ ಮೇಲಿನ ಸಂದು ನೋಡಿ. ಎರಡು ಜೆರಾಕ್ಸ್ ಹಾಳೆ ತೂರುವಷ್ಟಿದ್ದರೆ ಸರಿ. ನಾಲ್ಕೈದು ಹಾಳೆ ತೂರಿದರೆ ಕುತ್ತಿಗೆ ಮುಂದಕ್ಕೆ ಬಾಗಿದೆ. ಟ್ರಸ್ ರಾಡನ್ನು (ಕುತ್ತಿಗೆಯೊಳಗಿನ ಲೋಹದ ಸರಳು) ಆಲನ್ ಕೀಯಿಂದ ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ, ಶ್ರುತಿ ಮಾಡಿ, ಮತ್ತೆ ಅಳೆಯಿರಿ. ಒಂದೇ ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಬಿಗಿಯಾಗಿ ತಡೆದರೆ ಅಲ್ಲಿಗೇ ನಿಲ್ಲಿಸಿ, ರಿಪೇರಿ ಗೊತ್ತಿರುವವರಿಗೆ ಒಯ್ಯಿರಿ. ಅಗ್ಗದ 38 ಇಂಚಿನ ಗಿಟಾರ್‌ಗಳಲ್ಲಿ ಹಲವಕ್ಕೆ ಟ್ರಸ್ ರಾಡೇ ಇರುವುದಿಲ್ಲ. ಇಲ್ಲದಿದ್ದರೆ ತೆಳು ತಂತಿಯಿಂದ ಆದಷ್ಟೇ ಲಾಭ.

ನಟ್: ಮುಖ್ಯ ಕೆಲಸ ಇಲ್ಲಿದೆ. ಮೂರನೇ ತಂತಿಯನ್ನು 2 ಮತ್ತು 3ನೇ ಫ್ರೆಟ್‌ಗಳ ನಡುವೆ ಒತ್ತಿ ಹಿಡಿಯಿರಿ. ಈಗ 1ನೇ ಫ್ರೆಟ್ ಮೇಲೆ ಒಂದು ಹಾಳೆ ಕಷ್ಟಪಟ್ಟು ತೂರುವಷ್ಟು ಸಂದು ಇರಬೇಕು. ಮೂರು ಹಾಳೆ ಸಲೀಸಾಗಿ ಹೋದರೆ ಕಚ್ಚು ಎತ್ತರವಾಗಿದೆ. ಟ್ಯೂನರ್‌ನಲ್ಲೂ ಖಚಿತಪಡಿಸಿಕೊಳ್ಳಬಹುದು. ಖಾಲಿ ತಂತಿಯನ್ನು ಜಿಗೆ ಸರಿಯಾಗಿ ಕೂರಿಸಿ 1ನೇ ಫ್ರೆಟ್ ಒತ್ತಿ ಮೀಟಿ. ಜಿ ಶಾರ್ಪ್‌ಗಿಂತ 15–20 ಸೆಂಟ್ (ಒಂದು ಫ್ರೆಟ್‌ನಷ್ಟು ಸ್ವರಾಂತರದ ನೂರನೇ ಒಂದು ಭಾಗ) ಮೇಲೆ ತೋರಿಸಿದರೆ ದೋಷ ನಟ್‌ನದ್ದು. ಎತ್ತರದಲ್ಲಿರುವ ತಂತಿಯನ್ನು ಫ್ರೆಟ್‌ವರೆಗೆ ಬಗ್ಗಿಸುವಾಗ ಅದು ಹಿಗ್ಗಿ ಬಿಗಿಯಾಗುತ್ತದೆ, ಸ್ವರ ಏರುತ್ತದೆ. ನಟ್‌ಗೆ ಹತ್ತಿರವಾದಷ್ಟೂ ಬಗ್ಗಿಸುವ ಕೋನ ಕಡಿದಾಗುವುದರಿಂದ ಮೊದಲ ಫ್ರೆಟ್ಟೇ ಎಲ್ಲಕ್ಕಿಂತ ಹೆಚ್ಚು ಕೆಡುತ್ತದೆ. ಬೆರಳು ಎಷ್ಟು ಪಳಗಿದರೂ ಇದನ್ನು ಸರಿಪಡಿಸಲಾರದು.

ತಂತಿ ಸಡಿಲಿಸಿ ಪಕ್ಕಕ್ಕೆ ಸರಿಸಿ. ತಂತಿಯ ದಪ್ಪಕ್ಕಿಂತ ಕೂದಲೆಳೆಯಷ್ಟು ದಪ್ಪನೆಯ ನಾಝಲ್ ಕ್ಲೀನರ್ ಆರಿಸಿ, ಅದರ ಹಿಂಭಾಗವನ್ನು ಕೀಲಿಗಳ ಕಡೆಗೆ ತುಸು ತಗ್ಗಿಸಿ ಹಿಡಿದು ಐದಾರು ಸಲ ಉಜ್ಜಿ. ತಂತಿ ಕೂರಿಸಿ, ಶ್ರುತಿ ಮಾಡಿ, ಅಳೆಯಿರಿ. ಮತ್ತೆ ಉಜ್ಜಿ. ಕಚ್ಚಿನ ಅತಿ ಎತ್ತರದ ಬಿಂದು ಫ್ರೆಟ್‌ಬೋರ್ಡ್ ಕಡೆಯ ಅಂಚಿನಲ್ಲೇ ಇರಬೇಕು. ಹಿಂದಕ್ಕೆ ಸರಿದರೆ ಖಾಲಿ ತಂತಿ ತಂಬೂರಿಯಂತೆ ಝೇಂಕರಿಸುತ್ತದೆ. ಕಚ್ಚು ತೀರಾ ಆಳವಾಗಿ ಖಾಲಿ ತಂತಿ 1ನೇ ಫ್ರೆಟ್‌ಗೆ ಬಡಿಯತೊಡಗಿದರೆ ಗಾಬರಿ ಬೇಡ. ಚಿಟಿಕೆ ಅಡುಗೆ ಸೋಡಾ ತುಂಬಿ ಮೇಲೊಂದು ಹನಿ ಸೂಪರ್ ಗ್ಲೂ ಬಿಟ್ಟರೆ ಕ್ಷಣದಲ್ಲಿ ಕಲ್ಲಾಗುತ್ತದೆ, ಮತ್ತೆ ಕೊರೆಯಬಹುದು. ಉಳಿದ ಐದು ತಂತಿಗಳಿಗೂ ಇದೇ ಕ್ರಮ. ದಪ್ಪ ತಂತಿ ಅಗಲವಾಗಿ ಕಂಪಿಸುವುದರಿಂದ 6ನೆಯದಕ್ಕೆ ಅರ್ಧ ಹಾಳೆಯಷ್ಟು ಹೆಚ್ಚು ಬಿಡಿ.

ಸ್ಯಾಡಲ್: 12ನೇ ಫ್ರೆಟ್‌ನ ನೆತ್ತಿಯಿಂದ ತಂತಿಯ ಕೆಳ ಅಂಚಿಗೆ ಅಳೆಯಿರಿ. ಗುರಿ ಆರನೇ ತಂತಿಗೆ 2.5 ಮಿ.ಮೀ., ಒಂದನೆಯದಕ್ಕೆ 2. ಅಗ್ಗದ ವಾದ್ಯದಲ್ಲಿ 3.5–4 ಇರುವುದು ಮಾಮೂಲು. 12ನೇ ಫ್ರೆಟ್ ತಂತಿಯ ನಟ್ಟನಡುವೆ ಇರುವುದರಿಂದ ಅಲ್ಲಿ 1 ಮಿ.ಮೀ. ಇಳಿಯಬೇಕಾದರೆ ಸ್ಯಾಡಲ್‌ನಲ್ಲಿ 2 ಮಿ.ಮೀ. ತೆಗೆಯಬೇಕು. ತೆಗೆಯುವ ಮೊದಲು ಸ್ಯಾಡಲ್ ಬ್ರಿಡ್ಜ್‌ನ ಮೇಲೆ ಎಷ್ಟು ಎದ್ದಿದೆ ನೋಡಿ. ತೆಗೆದ ಮೇಲೂ ಕನಿಷ್ಠ 2 ಮಿ.ಮೀ. ಉಳಿಯಬೇಕು, ಇಲ್ಲದಿದ್ದರೆ ತಂತಿ ಸ್ಯಾಡಲ್ ಮೇಲೆ ಒತ್ತಿ ಕೂರದೆ ನಾದ ಸಾಯುತ್ತದೆ. 3.5 ಎದ್ದಿದ್ದರೆ 1.5 ಮಾತ್ರ ತೆಗೆಯಿರಿ. 12ನೇ ಫ್ರೆಟ್‌ನಲ್ಲಿ 0.75 ಇಳಿದರೂ ಹಾಡಿಗೆ ಧಾರಾಳ ಸಾಕು.

ಸ್ಯಾಡಲ್ ಕಿತ್ತು, ತಳಭಾಗದಲ್ಲಿ ಪೆನ್ಸಿಲ್ ಗೆರೆ ಹಾಕಿ, ಗಾಜಿನ ಮೇಲೆ ಹಾಸಿದ 120ರ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ. ಗೆರೆ ಹತ್ತಿರ ಬಂದಾಗ 240, ಕೊನೆಗೆ 400. ಬೆರಳಿನ ಒತ್ತಡ ಒಂದು ತುದಿಗೆ ಹೆಚ್ಚಾದರೆ ತಳ ಓರೆಯಾಗುತ್ತದೆ, ಹತ್ತು ಉಜ್ಜಿಗೊಮ್ಮೆ ತುದಿ ಬದಲಿಸಿ ಹಿಡಿಯಿರಿ. ಮೇಲ್ಭಾಗವನ್ನು ಮುಟ್ಟಬೇಡಿ, ಅದರ ಬಾಗು ಫ್ರೆಟ್‌ಬೋರ್ಡಿನ ಬಾಗಿಗೆ ಹೊಂದುವಂತೆ ಮಾಡಿರುತ್ತಾರೆ.

ನಮ್ಮ ಹವೆಯ ಬಗ್ಗೆ ಒಂದು ಮಾತು. ಕರಾವಳಿಯ ಮಳೆಗಾಲದಲ್ಲಿ ಮರ ತೇವ ಕುಡಿದು ಮೇಲಿನ ಹಲಗೆ ಉಬ್ಬುತ್ತದೆ, ತಂತಿ ಎತ್ತರ ಏರುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಹಲಗೆ ಒಣಗಿ ತಗ್ಗುತ್ತದೆ, ತಂತಿ ಫ್ರೆಟ್‌ಗೆ ತಾಗುತ್ತದೆ, ಫ್ರೆಟ್ ತುದಿಗಳು ಕುತ್ತಿಗೆಯ ಅಂಚಿನಿಂದ ಹೊರಚಾಚಿ ಅಂಗೈಗೆ ಗೀರುತ್ತವೆ. ಮಂಗಳೂರಿನ ಜುಲೈಯಲ್ಲಿ ಸ್ಯಾಡಲ್ ಉಜ್ಜಿದರೆ ಮಾರ್ಚ್‌ನಲ್ಲಿ ತಂತಿ ಬಡಿಯಬಹುದು. ಆದ್ದರಿಂದ ಅಲ್ಲಿ 0.3 ಮಿ.ಮೀ. ಹೆಚ್ಚು ಉಳಿಸಿ. ಗಿಟಾರ್ ಚೀಲದಲ್ಲಿ ಸಿಲಿಕಾ ಜೆಲ್ ಇಡುವುದು ಕರಾವಳಿಗೆ ಸರಿ, ಬಯಲುಸೀಮೆಯ ಬೇಸಿಗೆಗೆ ಖಂಡಿತ ಬೇಡ.

ಮೊದಲು ಧಾಟಿ, ಒಂದೊಂದೇ ಸ್ವರ

ಕಾರ್ಡ್ ಹಿಡಿಯುವ ಮೊದಲು ಹಾಡನ್ನು ಬಿಡಿ ಸ್ವರಗಳಲ್ಲಿ ನುಡಿಸಿ. ಬೆರಳಿನ ತುದಿಗೆ ಫ್ರೆಟ್‌ನ ಜಾಗ ಪರಿಚಯವಾಗುತ್ತದೆ, ಕಿವಿಗೆ ಶ್ರುತಿ ಕೂರುತ್ತದೆ. ಕೆಳಗಿನ ಜೋಡಿಗಳಲ್ಲಿ ಮೊದಲ ಅಂಕಿ ತಂತಿ, ಎರಡನೆಯದು ಫ್ರೆಟ್. 0 ಎಂದರೆ ಖಾಲಿ ತಂತಿ.

ಸಾಲು 1: 4-2, 4-2, 4-4, 4-2, 3-2, 3-1
ಸಾಲು 2: 4-2, 4-2, 4-4, 4-2, 2-0, 3-2
ಸಾಲು 3: 4-2, 4-2, 1-0, 2-2, 3-2, 3-1, 4-4
ಸಾಲು 4: 2-3, 2-3, 2-2, 3-2, 2-0, 3-2

ಸಂಗೀತ ಪಾಠ ಆಗಿರುವವರಿಗೆ: ಎ ಷಡ್ಜ, ಅಂದರೆ ಹಾರ್ಮೋನಿಯಂನ ಬಿಳಿ ಆರು. ಸ್ವರಗಳೆಲ್ಲ ಶಂಕರಾಭರಣದವು. ಮೊದಲ ಸಾಲು ಪ ಪ ದ ಪ ಸ ನಿ, ಎರಡನೆಯದು ಪ ಪ ದ ಪ ರಿ ಸ. ಇವೆರಡರ ಪ, ದ, ನಿ ಮಂದ್ರದವು. ಮೂರನೇ ಸಾಲಿನ ಮೂರನೇ ಸ್ವರ ಮಧ್ಯಸ್ಥಾಯಿಯ ಪಂಚಮಕ್ಕೆ ನೆಗೆಯುತ್ತದೆ: ಪ ಪ ಪ ಗ ಸ ನಿ ದ. ಕೊನೆಯದು ಮ ಮ ಗ ಸ ರಿ ಸ. ಸ್ವರ ಹಾಡಿಕೊಂಡು ಮೀಟಿದರೆ ಅಂಕಿ ನೋಡುವ ಅಗತ್ಯ ಬೇಗ ಬಿಟ್ಟುಹೋಗುತ್ತದೆ.

ಮೂರು ಕಾರ್ಡ್, ಒಂದು ಕೀಲು

ಎ ಮೇಜರ್: ನಡುಬೆರಳು 4ನೇ ತಂತಿ, ತೋರುಬೆರಳು 3ನೇ ತಂತಿ, ಉಂಗುರಬೆರಳು 2ನೇ ತಂತಿ, ಎಲ್ಲವೂ 2ನೇ ಫ್ರೆಟ್. 6ನೇ ತಂತಿ ಬಿಟ್ಟು ಮೀಟಬೇಕು.

ಡಿ ಮೇಜರ್: ತೋರುಬೆರಳು 3ನೇ ತಂತಿ 2ನೇ ಫ್ರೆಟ್, ಉಂಗುರಬೆರಳು 2ನೇ ತಂತಿ 3ನೇ ಫ್ರೆಟ್, ನಡುಬೆರಳು 1ನೇ ತಂತಿ 2ನೇ ಫ್ರೆಟ್. 6 ಮತ್ತು 5ನೇ ತಂತಿ ಬೇಡ.

ಇ ಮೇಜರ್: ತೋರುಬೆರಳು 3ನೇ ತಂತಿ 1ನೇ ಫ್ರೆಟ್, ನಡುಬೆರಳು 5ನೇ ತಂತಿ 2ನೇ ಫ್ರೆಟ್, ಉಂಗುರಬೆರಳು 4ನೇ ತಂತಿ 2ನೇ ಫ್ರೆಟ್. ಆರೂ ತಂತಿ ಮೀಟಬಹುದು.

ಅನೇಕ ಪುಸ್ತಕಗಳು ಎ ಮೇಜರ್‌ಗೆ ತೋರು, ನಡು, ಉಂಗುರ ಎಂದು ಸಾಲಾಗಿ ಬೆರಳು ಇಡಿಸುತ್ತವೆ. ಅದು ತಪ್ಪಲ್ಲ, ಆದರೆ ಈ ಹಾಡಿಗೆ ಮೇಲೆ ಹೇಳಿದ ಜೋಡಣೆಯೇ ಒಳ್ಳೆಯದು. ಇಲ್ಲಿ ತೋರುಬೆರಳು ಹಾಡಿನುದ್ದಕ್ಕೂ ಮೂರನೇ ತಂತಿಯನ್ನು ಬಿಡುವುದೇ ಇಲ್ಲ. ಎಯಿಂದ ಡಿಗೆ ಹೋಗುವಾಗ ಅದು ಇದ್ದಲ್ಲೇ ಇರುತ್ತದೆ. ಉಂಗುರಬೆರಳು ತಂತಿಯ ಮೇಲೆಯೇ ಒಂದು ಫ್ರೆಟ್ ಮುಂದೆ ಜಾರುತ್ತದೆ. ಎದ್ದು ಜಾಗ ಬದಲಿಸುವುದು ನಡುಬೆರಳೊಂದೇ. ಎಯಿಂದ ಇಗೆ ಹೋಗುವಾಗ ತೋರುಬೆರಳು ಒತ್ತಡ ಸಡಿಲಿಸಿ ಒಂದು ಫ್ರೆಟ್ ಹಿಂದಕ್ಕೆ ಜಾರುತ್ತದೆ, ಉಳಿದೆರಡು ಎದ್ದು ಕೂರುತ್ತವೆ. ಒಂದು ಬೆರಳು ದಾರಿ ಹಿಡಿದುಕೊಂಡಿರುವುದರಿಂದ ಕೈ ಕತ್ತಲಲ್ಲಿ ತಡಕಾಡುವುದಿಲ್ಲ.

ಕಾರ್ಡ್ ಹಿಡಿದ ಮೇಲೆ ತಂತಿಗಳನ್ನು ಒಂದೊಂದಾಗಿ ಮೀಟಿ ಪರೀಕ್ಷಿಸಿ. ‘ಝರ್’ ಎಂದರೆ ಬೆರಳು ಫ್ರೆಟ್‌ನಿಂದ ಹಿಂದೆ ಉಳಿದಿದೆ, ಲೋಹದ ಪಟ್ಟಿಯ ಬೆನ್ನಿಗೇ ತನ್ನಿ. ‘ಟಕ್’ ಎಂದು ಸತ್ತ ಸದ್ದು ಬಂದರೆ ಪಕ್ಕದ ಬೆರಳು ತಗುಲುತ್ತಿದೆ. ಎ ಮೇಜರ್‌ನಲ್ಲಿ ಉಂಗುರಬೆರಳು ಮಲಗಿ 1ನೇ ತಂತಿಯನ್ನು ಮುಚ್ಚುವುದೇ ಹೆಚ್ಚು. ಬೆರಳಿನ ಮೊದಲ ಗೆಣ್ಣು ನೆಟ್ಟಗೆ ನಿಲ್ಲಬೇಕು, ಉಗುರು ಕತ್ತರಿಸಿರಬೇಕು, ಹೆಬ್ಬೆರಳು ಕುತ್ತಿಗೆಯ ಹಿಂದೆ ನಡುಬೆರಳಿಗೆ ಎದುರಾಗಿರಬೇಕು. ಎಯಲ್ಲಿ ಮೂರು ಬೆರಳಿಗೆ ಜಾಗ ಇಕ್ಕಟ್ಟು, ತೋರುಬೆರಳು ಫ್ರೆಟ್‌ನಿಂದ ಸ್ವಲ್ಪ ಹಿಂದೆ ಉಳಿಯುತ್ತದೆ. ಅದೊಂದಕ್ಕೆ ತುಸು ಹೆಚ್ಚು ಒತ್ತಿದರಾಯಿತು. ಬೆರಳ ತುದಿಯ ಚರ್ಮ ಗಟ್ಟಿಯಾಗಲು ಎರಡು ಮೂರು ವಾರ ಹಿಡಿಯುತ್ತದೆ. ದಿನಕ್ಕೆ 15 ನಿಮಿಷದಂತೆ ಎರಡು ಸಲ ಸಾಕು. ಸ್ನಾನ ಮಾಡಿ ಅಥವಾ ಪಾತ್ರೆ ತೊಳೆದು ಬಂದ ಕೂಡಲೇ ನುಡಿಸಬೇಡಿ, ಮೆದುವಾದ ಚರ್ಮ ತಂತಿಗೆ ಸುಲಿದುಹೋಗುತ್ತದೆ.

ಬದಲಾವಣೆಯ ಅಭ್ಯಾಸ

ಹಾಡಿನಲ್ಲಿ ಬರುವ ಬದಲಾವಣೆ ಆರು: ಎ–ಇ, ಇ–ಎ, ಎ–ಡಿ, ಡಿ–ಎ, ಎ–ಇ, ಇ–ಎ. ಡಿಯಿಂದ ನೇರ ಇಗೆ ಹೋಗುವುದು ಎಲ್ಲೂ ಇಲ್ಲ. ಅಂದಮೇಲೆ ಎ–ಇ ಮತ್ತು ಎ–ಡಿ ಜೋಡಿ ಮಾತ್ರ ಉಜ್ಜಿದರೆ ಸಾಕು. ಫೋನಿನಲ್ಲಿ ಒಂದು ನಿಮಿಷ ಇಟ್ಟು ಬದಲಾವಣೆ ಎಣಿಸಿ. ನಿಮಿಷಕ್ಕೆ 30 ಬಂದರೆ ಹಾಡಿಗೆ ಇಳಿಯಬಹುದು. ಮೆಟ್ರೊನೋಮ್ (ನಿಮಿಷಕ್ಕೆ ಇಷ್ಟು ಎಂದು ಲಯ ಬಡಿಯುವ ಸಾಧನ) 60ರಲ್ಲಿ ಮೂರು ಎಣಿಕೆಗೊಂದು ಬದಲಾವಣೆ ಎಂದರೆ ನಿಮಿಷಕ್ಕೆ 20 ಮಾತ್ರ.

ತಾಳ ಮತ್ತು ಹಾಡು

ನಡೆ ‘ತಕಿಟ, ತಕಿಟ’. ‘ತ’ಕ್ಕೆ ಮಂದ್ರ ತಂತಿಯೊಂದನ್ನೇ ಮೀಟಿ: ಎಗೆ 5ನೇ ತಂತಿ, ಇಗೆ 6, ಡಿಗೆ 4. ‘ಕಿ’, ‘ಟ’ಕ್ಕೆ ಉಳಿದ ತಂತಿಗಳ ಮೇಲೆ ಹಗುರವಾಗಿ ಕೆಳಕ್ಕೆ ಪಿಕ್ ಎಳೆಯಿರಿ. ಪಿಕ್‌ನ ತುದಿ ಅರ್ಧ ಸೆಂ.ಮೀ.ನಷ್ಟು ಮಾತ್ರ ಹೊರಗಿರಲಿ.

ಬಹಳಷ್ಟು ಜನ ಎಡವುವುದು ಎತ್ತುಗಡೆಯಲ್ಲಿ. ‘ಹ್ಯಾಪಿ’ ಮೊದಲ ಎಣಿಕೆಯಲ್ಲ, ಅದರ ಹಿಂದಿನ ‘ಟ’. ಸಮ ಬೀಳುವುದು ‘ಬರ್ತ್’ ಮೇಲೆ. ‘ಹ್ಯಾಪಿ’ಗೇ ಕಾರ್ಡ್ ಬಾರಿಸಿಬಿಟ್ಟರೆ ಇಡೀ ಹಾಡು ಒಂದು ಎಣಿಕೆ ಪಕ್ಕಕ್ಕೆ ಜರುಗಿ, ಕಾರ್ಡ್ ಸರಿ ಹಿಡಿದರೂ ಎಲ್ಲವೂ ತಪ್ಪಾಗಿ ಕೇಳುತ್ತದೆ. ‘ತ, ಕಿ’ ಎಂದು ಬಾಯಲ್ಲಿ ಎಣಿಸಿ, ಮೂರನೆಯದಕ್ಕೆ ವಾದ್ಯವಿಲ್ಲದೆ ‘ಹ್ಯಾಪಿ’ ಎನ್ನಿ.

1: ಬರ್ತ್ – ಡೇ – ಟು: ಎ
2: ಯೂ – – ಹ್ಯಾಪಿ: ಇ
3: ಬರ್ತ್ – ಡೇ – ಟು: ಇ
4: ಯೂ – – ಹ್ಯಾಪಿ: ಎ
5: ಬರ್ತ್ – ಡೇ – ಡಿಯರ್: ಎ
6: (ಹೆಸರು) – ಹ್ಯಾಪಿ: ಡಿ
7: ಬರ್ತ್ – ಡೇ – ಟು: ಎರಡು ಎಣಿಕೆ ಎ, ಒಂದು ಎಣಿಕೆ ಇ
8: ಯೂ: ಎ

ಏಳನೇ ಆವರ್ತದಲ್ಲಿ ಕಾಲು ಜಾರುತ್ತದೆ. ಇ ಒಂದೇ ಎಣಿಕೆ ನಿಂತು ಮತ್ತೆ ಎ ಬರುತ್ತದೆ. ವೇಗ 60 ಇದ್ದರೂ ಒಂದೊಂದು ಬದಲಾವಣೆಗೆ ಸಿಗುವುದು ಒಂದೇ ಸೆಕೆಂಡ್, ಅಂದರೆ ನಿಮಿಷಕ್ಕೆ 60ರ ಲೆಕ್ಕ. 30ರ ಕೈಗೆ ಇದು ಆಗದ ಮಾತು. ಅದಕ್ಕೊಂದು ಉಪಾಯ: ‘ಟು’ ಬಂದಾಗ ಎಡಗೈಯನ್ನು ಎಯಲ್ಲೇ ಬಿಟ್ಟು ಖಾಲಿ 6ನೇ ತಂತಿಯೊಂದನ್ನೇ ಮೀಟಿ. ಇ ಕಾರ್ಡ್‌ನ ಮೂಲಸ್ವರ ಅದೇ ಆದ್ದರಿಂದ ಕಿವಿ ಇ ಎಂದೇ ಒಪ್ಪುತ್ತದೆ. ಬದಲಾವಣೆ ನಿಮಿಷಕ್ಕೆ 60 ಮುಟ್ಟಿದ ಮೇಲೆ ಪೂರ್ತಿ ಇ ಹಿಡಿಯಿರಿ.

ಮೆಟ್ರೊನೋಮ್ 50ರಿಂದ ಶುರು ಮಾಡಿ. ಕಾರ್ಡ್ ಸಿಗದಿದ್ದರೆ ನಿಲ್ಲಿಸಿ ಬೆರಳು ಸರಿಮಾಡಿಕೊಳ್ಳುವ ಅಭ್ಯಾಸ ಬೇಡವೇ ಬೇಡ. ಬಲಗೈ ಹೋಗುತ್ತಲೇ ಇರಲಿ, ಎಡಗೈ ಮುಂದಿನ ಆವರ್ತದಲ್ಲಿ ಬಂದು ಸೇರಿಕೊಳ್ಳಲಿ. ಕೇಳುವವರು ಅರೆಬರೆ ಮೊಳಗಿದ ಕಾರ್ಡನ್ನು ಗಮನಿಸುವುದಿಲ್ಲ, ತಾಳ ನಿಂತರೆ ಮಾತ್ರ ತಕ್ಷಣ ಗಮನಿಸುತ್ತಾರೆ. ತಪ್ಪಿಲ್ಲದೆ ಮೂರು ಸಲ ಬಂದ ಮೇಲೆ 5 ಏರಿಸಿ. ಸಾಮಾನ್ಯವಾಗಿ ಜನ ಹಾಡುವ ವೇಗ 80–90ರ ಆಸುಪಾಸು.

ಈ ಶ್ರುತಿ ಗಂಡಸರಿಗೆ ಸರಿಹೊಂದುತ್ತದೆ. ಹೆಂಗಸರು, ಮಕ್ಕಳು ಹಾಡುವುದಾದರೆ ಕೇಪೋವನ್ನು 3ನೇ ಫ್ರೆಟ್‌ಗೆ ಹಾಕಿದರೆ ಬಿಳಿ ಒಂದು, 5ಕ್ಕೆ ಹಾಕಿದರೆ ಬಿಳಿ ಎರಡು. ಬೆರಳುಗಳ ಜೋಡಣೆ ಅದೇ. ಕೇಪೋವನ್ನು ಫ್ರೆಟ್‌ಗೆ ಒತ್ತಿ ಹಾಕಿ, ಹಾಕಿದ ಮೇಲೆ ಮತ್ತೊಮ್ಮೆ ಶ್ರುತಿ ನೋಡಿ. ಹಾಡುವವರೆಲ್ಲ ಒಂದೇ ಶ್ರುತಿಯಲ್ಲಿ ಎತ್ತಬೇಕಾದರೆ ಮೊದಲು 4ನೇ ತಂತಿಯ 2ನೇ ಫ್ರೆಟ್ ಸ್ವರವನ್ನು ಎರಡು ಸಲ ಜೋರಾಗಿ ಮೀಟಿ. ಕೇಪೋ ಇದ್ದರೆ ಅಲ್ಲಿಂದ ಎರಡು ಫ್ರೆಟ್ ಮುಂದೆ. ‘ಹ್ಯಾಪಿ’ಯ ಸ್ವರ ಅದೇ.

ಆರನೇ ಆವರ್ತಕ್ಕೆ ಬಂದಾಗ ಮೆಟ್ರೊನೋಮ್ ಮರೆತುಬಿಡಿ. ಗುಂಪಿನಲ್ಲಿ ಎಲ್ಲರೂ ಹೆಸರಿನ ಮೇಲೆ ಎಳೆಯುತ್ತಾರೆ, ಅದರಲ್ಲೂ ನಾಲ್ಕು ಅಕ್ಷರದ ಹೆಸರಾದರೆ ಇನ್ನೂ ಹೆಚ್ಚು. ಡಿಯನ್ನು ಒಮ್ಮೆ ತುಂಬಾ ಮೀಟಿ ಹಾಗೇ ಮೊಳಗಲು ಬಿಡಿ, ಎಣಿಸಬೇಡಿ. ಆ ಬಿಡುವಿನಲ್ಲೇ ನಡುಬೆರಳನ್ನು 1ನೇ ತಂತಿಯಿಂದ 4ನೆಯದಕ್ಕೆ ತಂದು ಎಗೆ ಸಿದ್ಧವಾಗಿರಿ. ಜನ ‘ಹ್ಯಾಪಿ’ ಎಂದು ಉಸಿರು ಎತ್ತಿದಾಗ ‘ಬರ್ತ್’ ಮೇಲೆ 5ನೇ ತಂತಿ ಬೀಳಬೇಕು.